ಹಕ್ಕಿಯ ಕಾಲಿಗೆ ಉಂಗುರ, ಉಂಗುರದ ಮೇಲೆ ಅನುಮಾನ: ಸಲೀಂ ಅಲಿ ಮತ್ತು ಮಂಗನ ಕಾಯಿಲೆಯ ಕಥೆ

ನಮ್ಮ ಮುರಗೋಡ ಸೀಮೆಯಲ್ಲಿ ವಲಸೆ ಅನ್ನೋ ಪದಕ್ಕಿಂತ ಗುಳೆ ಅನ್ನೋ ಪದದ ಬಳಕೆ ಜಾಸ್ತಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಮಧ್ಯ ಏಷ್ಯಾದಿಂದ ಗುಲಾಬಿ ಕಬ್ಬಕ್ಕಿಗಳ ಹಿಂಡು ಬಂದಿಳಿಯುತ್ತವೆ. ಸುಗ್ಗಿ ಮುಗಿದು ಕೈಗೆ ಕೆಲಸ ಇಲ್ಲದಾಗ ಇಲ್ಲಿನ ಜನ ಗೋವಾ ಕಡೆ ಬಸ್ ಹತ್ತುತ್ತಾರೆ. ಹಕ್ಕಿ ಬರೋದೂ ಹೊಟ್ಟೆಪಾಡಿಗೆ, ಮನುಷ್ಯ ಹೋಗೋದೂ ಹೊಟ್ಟೆಪಾಡಿಗೆ.

2016ರಲ್ಲಿ ಬೆಳಗಾವಿ ಜಿಲ್ಲೆಯಿಂದ ಗೋವಾದ ಸತ್ತರಿ ತಾಲೂಕಿನ ಗೇರು ತೋಟಗಳಿಗೆ ದುಡಿಯಲು ಹೋಗಿದ್ದ ಕೂಲಿಕಾರರು ಜ್ವರ ಹೊತ್ತು ಊರಿಗೆ ಮರಳಿದರು. ರಕ್ತ ಪರೀಕ್ಷೆ ಮಾಡಿದಾಗ ಅದು ಮಂಗನ ಕಾಯಿಲೆ ಅಂತ ಗೊತ್ತಾಯಿತು. ಶಿವಮೊಗ್ಗದ ಮಲೆನಾಡಿನ ರೋಗ ಅಂತ ನಾವು ಪಠ್ಯದಲ್ಲಿ ಓದಿ ಮರೆತಿದ್ದ ಕಾಯಿಲೆ ಎರೆಸೀಮೆಯ ಜಿಲ್ಲೆಗೆ ಬಂದದ್ದು ದುಡಿಯುವವರ ಮೈಮೇಲೆ. ಇಂಥ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ ಒಂದೇ: ಇದನ್ನು ತಂದವರು ಯಾರು?

ಇದೇ ಪ್ರಶ್ನೆಯನ್ನು ಅರವತ್ತು ವರ್ಷದ ಹಿಂದೆ ಹಕ್ಕಿಗಳ ಬಗ್ಗೆ ಕೇಳಲಾಗಿತ್ತು. ಉತ್ತರ ಹುಡುಕಲು ಹೊರಟವರಲ್ಲಿ ಒಬ್ಬರು ಸಲೀಂ ಅಲಿ. ಅವರನ್ನು ನಾವು ಭಾರತದ ಹಕ್ಕಿ ಮನುಷ್ಯ ಅಂತಷ್ಟೇ ನೆನೆಯುತ್ತೇವೆ. ಅಂಚೆಚೀಟಿ, ಪಕ್ಷಿಧಾಮದ ಫಲಕ, ಕ್ವಿಜ್ ಪ್ರಶ್ನೆ, ಇಷ್ಟಕ್ಕೇ ಅವರ ಬದುಕು ಮುಗಿದುಹೋಗುತ್ತೆ. ಆದರೆ ರೋಗ, ವಲಸೆ, ವಿದೇಶಿ ಹಣ, ಬೇಹುಗಾರಿಕೆಯ ಆರೋಪ, ಇವೆಲ್ಲ ಸಿಕ್ಕು ಹಾಕಿಕೊಂಡಿರುವ ಅವರ ಬದುಕಿನ ಆ ಅಧ್ಯಾಯ ಇವತ್ತಿನ ನಮ್ಮ ರಾಜಕಾರಣಕ್ಕೆ ತೀರಾ ಹತ್ತಿರದ್ದು ಅಂತ ನನಗನ್ನಿಸುತ್ತೆ.

ಡಿಗ್ರಿ ಇಲ್ಲದ ವಿಜ್ಞಾನಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ, ಸುಲೈಮಾನಿ ಬೋಹ್ರಾ ಮನೆತನದಲ್ಲಿ. ತುಂಬಿದ ಮನೆಯ ಕಿರಿಯ ಕೂಸು. ಬುದ್ಧಿ ತಿಳಿಯುವ ಮೊದಲೇ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಮಾವ ಬೇಟೆಯ ಹುಚ್ಚಿನವರು. ಹುಡುಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ; ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಅದು ಯಾವ ಗುಬ್ಬಿ ಅಂತ ಕೇಳಲು ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನಿಗೆ ತುಂಬಿದ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಈ ಕತೆ ಎಲ್ಲರಿಗೂ ಗೊತ್ತು.

ಕಡಿಮೆ ಗೊತ್ತಿರೋದು ಆಮೇಲಿನ ಅಲೆದಾಟ. ಕಾಲೇಜು ಅರ್ಧಕ್ಕೆ ಬಿಟ್ಟು, ಅಣ್ಣನ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ಹೋದರು. ವ್ಯವಹಾರಕ್ಕಿಂತ ಕಾಡಿನಲ್ಲಿ ಹಕ್ಕಿ ನೋಡಿದ್ದೇ ಹೆಚ್ಚು. 1917ರಲ್ಲಿ ಮುಂಬೈಗೆ ಮರಳಿ, ಮರುವರ್ಷ ತೆಹ್ಮೀನಾ ಅವರನ್ನು ಮದುವೆಯಾದರು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಎರಡೇ ವರ್ಷಕ್ಕೆ ಬೇಸರ ಬಂದು ರಜೆ ಹಾಕಿ ಬರ್ಲಿನ್‌ಗೆ ಹೋದರು. ಅಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಕೈಕೆಳಗೆ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸುವ ವಿದ್ಯೆ ನೋಡಿದರು. 1930ರಲ್ಲಿ ಊರಿಗೆ ಬಂದರೆ ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಸರ್ಕಾರಿ ಸಂಸ್ಥೆಯಲ್ಲಿ ಕೆಲಸ ಕೇಳಿದರೆ ವಿಶ್ವವಿದ್ಯಾಲಯದ ಡಿಗ್ರಿ ಇಲ್ಲ. ಮುಂಬೈ ಎದುರಿನ ಕಿಹೀಂ ಊರಿನ ಮನೆಯಲ್ಲಿ ಕೂತು ಗೀಜಗನ ಗೂಡುಗಳನ್ನು ದಿನಗಟ್ಟಲೆ ನೋಡಿದರು. ಗಂಡು ಗೀಜಗ ಗೂಡು ಅರ್ಧ ಕಟ್ಟಿ, ಹೆಣ್ಣು ಒಪ್ಪಿದ ಮೇಲೆ ಪೂರ್ತಿ ಮಾಡಿ, ಆಮೇಲೆ ಇನ್ನೊಂದು ಗೂಡಿಗೆ ಕೈ ಹಾಕುತ್ತೆ ಅನ್ನೋದನ್ನು ವಿವರವಾಗಿ ಬರೆದದ್ದು ಆ ನಿರುದ್ಯೋಗದ ದಿನಗಳಲ್ಲೇ.

ಆಮೇಲೆ ಅವರು ಒಂದು ದಾರಿ ಕಂಡುಕೊಂಡರು. ದೇಶೀ ಸಂಸ್ಥಾನಗಳು ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಅಲ್ಲಿನ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಅಂತ ಹೊರಟರು. ಹೈದರಾಬಾದ್, ಕೊಚ್ಚಿ, ತಿರುವಾಂಕೂರು, ಗ್ವಾಲಿಯರ್, ಭೋಪಾಲ್ ಹೀಗೆ ಸಾಗಿತು. ಎತ್ತಿನಗಾಡಿಯ ಬಿಡಾರಗಳಲ್ಲಿ ತೆಹ್ಮೀನಾ ಜೊತೆಗಿರುತ್ತಿದ್ದರು. 1939ರಲ್ಲಿ, ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ನಡೆದದ್ದು ಆ ದುಃಖದ ಬೆನ್ನಿಗೇ, 1939-40ರಲ್ಲಿ. 1941ರಲ್ಲಿ ಬಂದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹಕ್ಕಿ ನೋಡುವ ಹವ್ಯಾಸವನ್ನು ಬ್ರಿಟಿಷ್ ಅಧಿಕಾರಿಗಳ ಬಂಗಲೆಯಿಂದ ಬಿಡಿಸಿ ಸಾಮಾನ್ಯ ಓದುಗರ ಕೈಗೆ ಕೊಟ್ಟಿತು.

ಕ್ಯಾಸನೂರಿನ ಸತ್ತ ಮಂಗಗಳು

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗ ಸಾಯುತ್ತಿವೆ ಅಂದ ಕೂಡಲೇ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಅಂತ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದರು. ಅದು ಹಳದಿ ಜ್ವರ ಅಲ್ಲ, ಉಣ್ಣಿಯಿಂದ ಹರಡುವ ಹೊಸ ವೈರಸ್. ಆದರೆ ಅದರ ಬಳಗ ಎಲ್ಲಿಯದು ಅಂತ ನೋಡಿದರೆ, ರಷ್ಯಾ ಮತ್ತು ಸೈಬೀರಿಯಾದ ಕಾಡುಗಳಲ್ಲಿ ಉಣ್ಣಿ ಹರಡುವ ಮಿದುಳು ಜ್ವರದ ಗುಂಪಿಗೆ ಸೇರಿದ್ದು.

ಸೈಬೀರಿಯಾದ ವೈರಸ್ಸಿನ ನೆಂಟ ಸೊರಬಕ್ಕೆ ಹೇಗೆ ಬಂತು? ಸೈಬೀರಿಯಾದಿಂದ ಪಶ್ಚಿಮಘಟ್ಟಕ್ಕೆ ಪ್ರತಿವರ್ಷ ತಪ್ಪದೆ ಬರುವವರು ಹಕ್ಕಿಗಳು. ಅನುಮಾನ ಅವುಗಳ ಮೇಲೆ ಬಿತ್ತು.

ಇದು ಬರೀ ಕಲ್ಪನೆಯೇನೂ ಆಗಿರಲಿಲ್ಲ. ಈಜಿಪ್ಟಿನ ಮೂಲಕ ಹಾದುಹೋಗುವ ಹಕ್ಕಿಗಳ ಮೈಮೇಲೆ ಬೇರೆ ನಾಡಿನ ಉಣ್ಣಿಗಳಿರುವುದನ್ನು ಆ ಕಾಲದಲ್ಲೇ ಸಂಶೋಧಕರು ತೋರಿಸಿದ್ದರು. ಸಣ್ಣ ಹಕ್ಕಿಯ ಪರೋಪಜೀವಿಗಳಿಂದ ಮನುಷ್ಯನ ರೋಗದ ಗುಟ್ಟು ಬಿಡಿಸಿದ ಇತಿಹಾಸವೂ ನಮ್ಮಲ್ಲೇ ಇತ್ತು. 1898ರಲ್ಲಿ ಕಲ್ಕತ್ತಾದಲ್ಲಿ ರೊನಾಲ್ಡ್ ರಾಸ್ ಮಲೇರಿಯಾ ಸೊಳ್ಳೆಯಿಂದ ಹರಡುವ ಬಗೆಯನ್ನು ಪೂರ್ತಿಯಾಗಿ ಬಿಡಿಸಿದ್ದು ಹಕ್ಕಿಗಳ ಮಲೇರಿಯಾ ಹಿಡಿದುಕೊಂಡೇ.

ಹಾಗಾಗಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸೊಸೈಟಿ ಹಕ್ಕಿ ವಲಸೆಯ ಅಧ್ಯಯನ ಶುರು ಮಾಡಿತು. ಮುಂದಾಳು ಸಲೀಂ ಅಲಿ. ಅವರಿಗೆ ಆಗ 63ರ ಸುಮಾರು. ಉಂಗುರ ತೊಡಿಸುವ ದೊಡ್ಡ ಯೋಜನೆ ಅವರ ಹಳೇ ಕನಸು, ಅದಕ್ಕೆ ಯಾರೂ ಹಣ ಕೊಟ್ಟಿರಲಿಲ್ಲ. ಈಗ ಒಂದು ರೋಗದ ದೆಸೆಯಿಂದ ಹಣ ಬಂತು.

ಎಂಟು ಗ್ರಾಂ ಹಕ್ಕಿ, ಸಾಸಿವೆಗಿಂತ ಸಣ್ಣ ಉಣ್ಣಿ

ಕಚ್ಛ್, ಭರತಪುರ, ತಮಿಳುನಾಡಿನ ಕೋಡಿಕ್ಕರೈ ಮುಂತಾದ ಕಡೆ ಬಿಡಾರ ಹೂಡಿದರು. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟಿ ಹಕ್ಕಿ ಹಿಡಿಯೋದು, ತೂಗೋದು, ರೆಕ್ಕೆ ಅಳೆಯೋದು, ನಂಬರಿನ ಅಲ್ಯೂಮಿನಿಯಂ ಉಂಗುರ ತೊಡಿಸೋದು, ಮೈಮೇಲಿನ ಉಣ್ಣಿ, ಹೇನುಗಳನ್ನು ಚಿಮಟದಿಂದ ತೆಗೆದು ಬಾಟಲಿಗೆ ಹಾಕೋದು, ಬಿಟ್ಟುಬಿಡೋದು. ಹಕ್ಕಿ ಸಿಕ್ಕವರು ಮುಂಬೈಯ ಸೊಸೈಟಿಗೆ ತಿಳಿಸಬೇಕು ಅಂತ ಉಂಗುರದ ಮೇಲೆ ಕೆತ್ತಿರುತ್ತಿತ್ತು. ದಿನಕ್ಕೆ ನೂರಾರು ಹಕ್ಕಿಗಳಿಗೆ ಇದೇ ಕೆಲಸ. ಉಂಗುರ ತೊಟ್ಟ ಬಾತುಗಳು ಸೋವಿಯತ್ ಒಕ್ಕೂಟದಲ್ಲಿ ಸಿಕ್ಕು ಅಲ್ಲಿಂದ ಸುದ್ದಿ ಬರತೊಡಗಿತು. ಗಡಿ, ವೀಸಾ, ಶೀತಲ ಸಮರ ಯಾವುದೂ ತಡೆಯದ ಒಂದು ದಾರಿ ನಕ್ಷೆಯ ಮೇಲೆ ಮೂಡಿತು.

ಇದರಲ್ಲಿ ಯಾವ ಹಕ್ಕಿ, ಎಲ್ಲಿ ಬದುಕುತ್ತೆ ಅನ್ನೋದು ಬಹಳ ಮುಖ್ಯ. ನಮ್ಮ ಘಟ್ಟದ ಕಾಡಿಗೆ ಚಳಿಗಾಲಕ್ಕೆ ಬರುವ ಹಸಿರು ಎಲೆ ಉಲಿಯಕ್ಕಿಯನ್ನೇ ತಗೊಳ್ಳಿ. ತೂಕ ಸುಮಾರು 8 ಗ್ರಾಂ. ಹಿಮಾಲಯ ಮತ್ತು ಸೈಬೀರಿಯಾದ ಕಡೆ ಮರಿ ಮಾಡಿ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಇಲ್ಲಿಗೆ ಬಂದು, ಏಪ್ರಿಲ್‌ವರೆಗೆ ಕೆಲವೇ ಮರಗಳನ್ನು ತನ್ನದೆಂದು ಕಾಯ್ದುಕೊಂಡು ಎಲೆಯ ಹುಳುಗಳನ್ನು ಹೆಕ್ಕುತ್ತೆ. ಅದರ ಚಳಿಗಾಲವೆಲ್ಲ ಮರದ ಮೇಲೇ. ಮಂಗನ ಕಾಯಿಲೆ ಹರಡುವ ಉಣ್ಣಿ ಇರೋದು ಕೆಳಗೆ, ತರಗೆಲೆ ಮತ್ತು ಪೊದೆಗಳಲ್ಲಿ. ಹಾಗಾಗಿ ಇವೆರಡು ಭೇಟಿಯಾಗೋದು ಕಡಿಮೆ. ನೆಲದ ಮೇಲೆ ಕುಪ್ಪಳಿಸಿ ತರಗೆಲೆ ಕೆದಕುವ ನವರಂಗ, ಕಾಡುಕೋಳಿಗಳ ಕತೆಯೇ ಬೇರೆ. ಉಣ್ಣಿ ಮರಿಗಳು ಅವುಗಳ ಕಣ್ಣು, ಕಿವಿ, ಕೊಕ್ಕಿನ ಬುಡದಲ್ಲಿ ಕಚ್ಚಿಕೊಳ್ಳುತ್ತವೆ. ಕೊಕ್ಕಿಗೆ ಎಟುಕದ ಜಾಗ ಅದು.

ಇನ್ನೊಂದು ಲೆಕ್ಕ: ಉಣ್ಣಿ ಮರಿ ರಕ್ತ ಕುಡಿಯೋದು ಕೆಲವು ದಿನ ಮಾತ್ರ. ಹೊಟ್ಟೆ ತುಂಬಿದ ಮೇಲೆ ಉದುರಿಹೋಗುತ್ತೆ. ಸಣ್ಣ ಹಕ್ಕಿ ಸೈಬೀರಿಯಾದಿಂದ ಇಲ್ಲಿಗೆ ತಂಗುತ್ತಾ ತಂಗುತ್ತಾ ಬರೋಕೆ ವಾರಗಟ್ಟಲೆ ಬೇಕು. ಹತ್ತಿರದ ಕಾಡಿನಿಂದ ಕಾಡಿಗೆ ಉಣ್ಣಿ ಸಾಗಿಸಬಹುದು, ಸೈಬೀರಿಯಾದಿಂದ ಸೊರಬದವರೆಗೆ ಅದೇ ಉಣ್ಣಿ ಹೊತ್ತು ತರೋದು ಸುಲಭದ ಮಾತಲ್ಲ.

ಹಕ್ಕಿಗಳು ಸೈಬೀರಿಯಾದಿಂದ ಈ ವೈರಸ್ ತಂದವು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ರೋಗ ಹರಡುವ ಹೆಮಾಫೈಸಾಲಿಸ್ ಸ್ಪಿನಿಜೆರಾ ಉಣ್ಣಿ ಇಲ್ಲಿನ ಕಾಡಿನದ್ದೇ. 1995ರಲ್ಲಿ ಈ ವೈರಸ್ಸಿನ ಅತಿ ಹತ್ತಿರದ ನೆಂಟ ಪತ್ತೆಯಾದದ್ದು ಸೈಬೀರಿಯಾದಲ್ಲಲ್ಲ, ಸೌದಿ ಅರೇಬಿಯಾದಲ್ಲಿ.

ಹಾಗಾದರೆ 1957ರಲ್ಲೇ ರೋಗ ಸ್ಫೋಟಗೊಂಡದ್ದು ಏಕೆ? ಕ್ಯಾಸನೂರು ಸುತ್ತ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲಿ ಕೊಟ್ಟ ವಿವರಣೆ ಇವತ್ತಿಗೂ ಗಟ್ಟಿಯಾಗಿದೆ. ಕಾಡು ಕಡಿದು ಗದ್ದೆ, ತೋಟ ಆಯಿತು. ಊರು ಕಾಡಿನೊಳಗೆ ಹೊಕ್ಕಿತು. ದನಕರುಗಳು ಕಾಡಂಚಿನಲ್ಲಿ ಮೇಯತೊಡಗಿದವು. ಬೆಳೆದ ಉಣ್ಣಿಗಳಿಗೆ ದನದ ಮೈಯಷ್ಟು ಒಳ್ಳೆಯ ಊಟ ಇನ್ನೊಂದಿಲ್ಲ. ಉಣ್ಣಿಗಳ ಸಂಖ್ಯೆ ಏರಿತು. ಇಲಿ, ಮೂಗಿಲಿ, ಅಳಿಲುಗಳ ನಡುವೆ ತಣ್ಣಗೆ ಸುತ್ತುತ್ತಿದ್ದ ವೈರಸ್ ಮಂಗಕ್ಕೂ ಮನುಷ್ಯನಿಗೂ ತಗುಲಿತು. ಅಂದರೆ ರೋಗವನ್ನು ಹೊರಗಿನವರು ಹೊತ್ತು ತಂದಿರಲಿಲ್ಲ. ನಾವು ನೆಲವನ್ನು ಬಳಸುವ ರೀತಿ ಬದಲಾಗಿತ್ತು.

ಹಣ ಯಾರದು?

ವಿಶ್ವ ಆರೋಗ್ಯ ಸಂಸ್ಥೆಯ ಹಣ ಕೆಲವೇ ವರ್ಷಕ್ಕೆ ನಿಂತಿತು. ಉಂಗುರದ ಕೆಲಸ ನಿಲ್ಲಿಸಲು ಸಲೀಂ ಅಲಿಗೆ ಮನಸ್ಸಿರಲಿಲ್ಲ. ಆಗ ನೆರವು ಬಂದದ್ದು ಎಲಿಯಟ್ ಮೆಕ್‌ಕ್ಲೂರ್ ನಡೆಸುತ್ತಿದ್ದ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯಿಂದ. ಏಷ್ಯಾದ ಹಲವು ದೇಶಗಳಲ್ಲಿ 1963ರಿಂದ 1971ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ತೊಡಿಸಿದ ಯೋಜನೆ ಅದು. ಅದರ ಹಣ ಅಮೆರಿಕದ ಸೇನೆಯದು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಸಲೀಂ ಅಲಿಯ ಜೊತೆ ಹತ್ತು ಸಂಪುಟಗಳ ಹಕ್ಕಿ ಕೈಪಿಡಿ ಬರೆದ ಅಮೆರಿಕದ ಡಿಲನ್ ರಿಪ್ಲಿ ಎರಡನೇ ಮಹಾಯುದ್ಧದಲ್ಲಿ ಬೇಹುಗಾರಿಕೆ ಇಲಾಖೆಯಲ್ಲಿದ್ದವರು. ಆಮೇಲೆ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾದರು. ಸ್ಮಿತ್ಸೋನಿಯನ್ ಪೆಸಿಫಿಕ್ ಸಾಗರದಲ್ಲಿ ನಡೆಸಿದ ಹಕ್ಕಿ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಮೆರಿಕ ಸೇನೆಯ ಜೈವಿಕ ಅಸ್ತ್ರ ವಿಭಾಗ ಅನ್ನೋದು 1969ರಲ್ಲಿ ಬಯಲಾಯಿತು. ಇಷ್ಟೆಲ್ಲ ಗೊತ್ತಾದ ಮೇಲೆ ಭಾರತದಲ್ಲಿ ಪ್ರಶ್ನೆ ಏಳದಿದ್ದರೇ ಆಶ್ಚರ್ಯ. 1974ರಲ್ಲಿ ಪತ್ರಿಕೆಗಳು ಬರೆದವು. ದೆಹಲಿಯ ಸೊಳ್ಳೆ ನಿಯಂತ್ರಣ ಯೋಜನೆ, ಸೊಸೈಟಿಯ ಹಕ್ಕಿ ವಲಸೆ ಅಧ್ಯಯನ ಮುಂತಾದವುಗಳ ಹಿಂದಿನ ವಿದೇಶಿ ಹಣದ ಬಗ್ಗೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆ ನಡೆಸಿ 1975ರ ಏಪ್ರಿಲ್‌ನಲ್ಲಿ ಕಟುವಾದ ವರದಿ ಕೊಟ್ಟಿತು. ಯಾವ ಹಕ್ಕಿ ಯಾವ ದಾರಿಯಲ್ಲಿ ಎಷ್ಟು ದಿನಕ್ಕೆ ಎಲ್ಲಿಗೆ ತಲುಪುತ್ತೆ ಅನ್ನೋ ಮಾಹಿತಿ ರೋಗ ತಡೆಯಲೂ ಬರುತ್ತೆ, ರೋಗ ಹಬ್ಬಿಸಲೂ ಬರುತ್ತೆ ಅನ್ನೋದು ಆತಂಕ.

ಸಲೀಂ ಅಲಿ ಈ ಆರೋಪದಿಂದ ನೊಂದರು, ಅದನ್ನು ತಳ್ಳಿಹಾಕಿದರು. 1976ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು. 1985ರಲ್ಲಿ ರಾಜ್ಯಸಭೆಗೆ ನಾಮಕರಣ ಮಾಡಿತು. ಅವರು ಬೇಹುಗಾರರಾಗಿರಲಿಲ್ಲ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಪ್ರಶ್ನೆ ಕೇಳಿದವರೂ ದಡ್ಡರಲ್ಲ. ವಿಜ್ಞಾನಿಯ ಉದ್ದೇಶ ಶುದ್ಧ ಇದ್ದರೆ ಸಾಲದು. ಹಣ ಯಾರದು, ಮಾಹಿತಿ ಯಾರ ಕೈಗೆ ಹೋಗುತ್ತೆ ಅನ್ನೋದೂ ಸಾರ್ವಜನಿಕರ ಪ್ರಶ್ನೆಯೇ. ನಮ್ಮ ಆರೋಗ್ಯದ ಡೇಟಾ ಆ್ಯಪ್‌ಗಳಿಗೆ ಹೋಗುವ ಈ ಕಾಲದಲ್ಲಿ ಆ ಪ್ರಶ್ನೆಗೆ ಬೆಲೆ ಇನ್ನೂ ಜಾಸ್ತಿ.

ಕಾಣದೇ ಹೋದ ಜನ

ಸಲೀಂ ಅಲಿಯನ್ನು ಪ್ರೀತಿಸುವವರು ಒಪ್ಪಲು ಕಷ್ಟಪಡುವ ಇನ್ನೊಂದು ವಿಷಯ ಇದೆ. ಭರತಪುರದ ಪಕ್ಷಿಧಾಮದಲ್ಲಿ ಎಮ್ಮೆಗಳ ಮೇವು ನಿಲ್ಲಿಸಬೇಕು ಅನ್ನೋ ನಿಲುವಿಗೆ ಅವರ ಬೆಂಬಲ ಇತ್ತು. 1982ರಲ್ಲಿ ನಿಷೇಧ ಬಂತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎಮ್ಮೆ ನಿಂತ ಮೇಲೆ ಆದದ್ದೇನು? ಜೊಂಡುಹುಲ್ಲು ನೀರನ್ನೆಲ್ಲ ಮುಚ್ಚಿ, ಹಕ್ಕಿಗಳಿಗೆ ಬೇಕಾದ ತೆರೆದ ನೀರೇ ಕಡಿಮೆಯಾಯಿತು. ಇದನ್ನು ವರ್ಷಗಟ್ಟಲೆ ಅಳೆದು, ಮೇವು ನಿಷೇಧದಿಂದ ಕೆಡುಕಾಯಿತು ಅಂತ ಹೇಳಿದ್ದು ಸಲೀಂ ಅಲಿಯವರದೇ ಸೊಸೈಟಿಯ ವಿಜ್ಞಾನಿಗಳು.

ಕ್ಯಾಸನೂರಿನಲ್ಲಿ ದನ ಬಂದು ಉಣ್ಣಿ ಹೆಚ್ಚಿತು. ಭರತಪುರದಲ್ಲಿ ಎಮ್ಮೆ ಹೋಗಿ ಹಕ್ಕಿ ಕಡಿಮೆಯಾಯಿತು. ಹಾಗಾಗಿ ದನ ಮೇಯಿಸುವವರು ಕಾಡಿನ ಶತ್ರು ಅಂತಲೋ, ಮಿತ್ರ ಅಂತಲೋ ಒಂದೇ ತೀರ್ಪು ಬರೆಯೋಕಾಗಲ್ಲ. ಆಯಾ ಜಾಗದಲ್ಲಿ ನಿಂತು ಎಣಿಸಬೇಕು. ಈ ಎಣಿಸುವ ಶಿಸ್ತನ್ನು ದೇಶಕ್ಕೆ ಕಲಿಸಿದ್ದು ಸಲೀಂ ಅಲಿ. ಅದು ಅವರ ನಂಬಿಕೆಯನ್ನೇ ತಿದ್ದುವಷ್ಟು ಗಟ್ಟಿಯಾಗಿತ್ತು ಅನ್ನೋದೇ ಅವರ ದೊಡ್ಡಸ್ತಿಕೆ ಅಂತ ನಾನು ತಿಳಿದಿದ್ದೇನೆ. 1987ರ ಜೂನ್‌ನಲ್ಲಿ, ತೊಂಬತ್ತು ದಾಟಿದ ಮೇಲೆ, ಅವರು ತೀರಿಕೊಂಡರು.

ಅವರು ಹೋದ ಮೇಲೆ ಮಂಗನ ಕಾಯಿಲೆ ಶಿವಮೊಗ್ಗದಲ್ಲಿ ನಿಲ್ಲಲಿಲ್ಲ. ಬಂಡೀಪುರ, ವಯನಾಡ್, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಘಟ್ಟದುದ್ದಕ್ಕೂ ಕಾಣಿಸಿಕೊಂಡಿತು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದವು. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಲಾಯಿತು. ಉಳಿದದ್ದು ಮೈಗೆ ಹಚ್ಚುವ ಡೇಪಾ ಎಣ್ಣೆ, ಎಚ್ಚರಿಕೆ ಮತ್ತು ಬೇಗ ಸಿಗುವ ಚಿಕಿತ್ಸೆ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಈ ಎಣ್ಣೆ ಮತ್ತು ಎಚ್ಚರಿಕೆ ತಲುಪಬೇಕಾದವರು ಬರೀ ಕಾಡಂಚಿನ ಹಳ್ಳಿಯವರಲ್ಲ. ಗೇರು ಹಣ್ಣು ಉದುರುವ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಬಗ್ಗಿ ಬೀಜ ಹೆಕ್ಕುವವರು ಮನೆಯಿಂದ ದೂರ ಇರುತ್ತಾರೆ, ಮತ್ತು ಉಣ್ಣಿ ಮರಿಗಳು ಚುರುಕಾಗಿರೋದೂ ಅದೇ ಕಾಲ. ತರಗೆಲೆ ಕೆದಕುವ ಹಕ್ಕಿಗೆ ಉಣ್ಣಿ ಹತ್ತುವ ಕಾರಣವೇ ಇವರಿಗೂ ಹತ್ತುವ ಕಾರಣ. 2020ರಲ್ಲಿ ಕೊರೊನಾ ಬಂದಾಗ ನಾವು ಮೊದಲು ಬೆರಳು ತೋರಿಸಿದ್ದು ನಡೆದುಕೊಂಡು ಊರಿಗೆ ಬಂದ ಕೂಲಿಕಾರರ ಕಡೆ, ಆಮೇಲೆ ಒಂದು ಧರ್ಮದವರ ಕಡೆ. ಎಣಿಸುವ ಮೊದಲೇ ತೀರ್ಪು ಕೊಟ್ಟಿದ್ದೆವು.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಕರ್ನಾಟಕ, ಗೋವಾ ಎರಡೂ ಸರ್ಕಾರಗಳು ಸೇರಿ ಗೇರು ಹಂಗಾಮಿಗೆ ಹೋಗುವವರ ಪಟ್ಟಿ ಇಟ್ಟುಕೊಳ್ಳಲಿ. ತೋಟದ ಮಾಲೀಕರು ಎಣ್ಣೆ, ಮೈಮುಚ್ಚುವ ಬಟ್ಟೆ ಕೊಡಲಿ, ಜ್ವರ ಬಂದ ದಿನಗಳ ಕೂಲಿ ಕಡಿಯದಿರಲಿ. ಸತ್ತರಿಯಲ್ಲಿ ಮಂಗ ಸತ್ತರೆ ಆ ಸುದ್ದಿ ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲೂಕು ಆಸ್ಪತ್ರೆಗೂ ಅದೇ ವಾರ ಬರಲಿ. ಭರತಪುರದಲ್ಲಿ ಉಂಗುರ ತೊಟ್ಟ ಬಾತು ಸೋವಿಯತ್ ಒಕ್ಕೂಟದಲ್ಲಿ ಸಿಕ್ಕರೆ, ಇಂಟರ್ನೆಟ್ ಇಲ್ಲದ ಕಾಲದಲ್ಲೂ ಮುಂಬೈಗೆ ಕಾಗದ ಬರುತ್ತಿತ್ತು.